ಹೆಬ್ಬೆಟ್ಟಿನ ಕಾರು

ಊಟಕ್ಕೆ ಕುಳಿತಾಗಲೂ ನಮ್ಮವರ ಬಲಗಾಲು ಬ್ರೇಕ್ ಒತ್ತುತ್ತದೆ. ನನ್ನ ಕೈಯಲ್ಲಿರುವ ನೀರಿನ ಜಗ್ಗು ಒಂಚೂರು ವಾಲಿದರೆ ಸಾಕು, ಮೇಜಿನ ಕೆಳಗೆ ದಡ್ ಎಂದು ಸದ್ದಾಗುತ್ತದೆ. ಕಲಿಯುವವರ ಪಕ್ಕದ ಸೀಟಿನಲ್ಲಿ ಕುಳಿತು, ಕಾಲ ಬಳಿ ತಮ್ಮದೂ ಒಂದು ಜೋಡಿ ಕ್ಲಚ್ಚು ಬ್ರೇಕು ಇಟ್ಟುಕೊಂಡು, ಸ್ಟೀರಿಂಗನ್ನು ಕಂಡವರ ಕೈಗೆ ಕೊಟ್ಟು ಜೀವನ ಸವೆಸಿದ ಮನುಷ್ಯ ಇವರು. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಬೀದಿಯವರ ಬಾಯಲ್ಲಿ ಕ್ಲಚ್ ಮೇಷ್ಟ್ರು. ನಾನು ‘ರೀ’ ಎಂದರೆ ತಿರುಗುತ್ತಾರೆ, ಅದೂ ಕೈಯಲ್ಲಿ ಕಾರು ಇಲ್ಲದಿದ್ದರೆ ಮಾತ್ರ.

ಕಾರು ಎಂದರೆ ದೊಡ್ಡ ಕಾರಲ್ಲ. ಊರಿಗೆಲ್ಲ ಕಾರು ಕಲಿಸಿದ ಈ ಮಹಾನುಭಾವರಿಗೆ ಸ್ವಂತದ್ದೊಂದು ಕಾರಿಲ್ಲ. ದೀಪದ ಬುಡದಲ್ಲೇ ಕತ್ತಲೆ. ನಮ್ಮ ಮನೆಯಲ್ಲಿರುವುದೆಲ್ಲ ಗೇಣುದ್ದದ ಪ್ಲಾಸ್ಟಿಕ್ ಕಾರುಗಳು. ಪೆಟ್ಟಿಗೆಯಲ್ಲಿ ಬಿಡಿ ಬಿಡಿಯಾಗಿ ಬರುತ್ತವೆ. ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹಚ್ಚಿ ಕಟ್ಟಬೇಕು. ನಿಜವಾದ ಕಾರು ಎಷ್ಟು ಉದ್ದವೋ ಅದರ ಇಪ್ಪತ್ತನಾಲ್ಕರಲ್ಲಿ ಒಂದು ಪಾಲು ಉದ್ದ. ಒಂದು ಭಾನುವಾರ ಶೋಕೇಸಿನಲ್ಲಿದ್ದವನ್ನೆಲ್ಲ ಎಣಿಸಿ, “ಇವಳೇ, ಲೆಕ್ಕದ ಪ್ರಕಾರ ನಮ್ಮನೇಲಿ ಒಂದೂಕಾಲು ಕಾರಿದೆ ಕಣೇ” ಎಂದರು.

“ಹೌದಾ? ಹಾಗಾದ್ರೆ ಆ ಒಂದು ಇಲ್ಲೇ ಇರ್ಲಿ, ಕಾಲು ತಗೊಂಡು ಹೋಗಿ ತರಕಾರಿ ತನ್ನಿ” ಎಂದೆ. ಚೀಲ ಹಿಡಿದು ನಡೆದೇ ಹೋದರು.

ಹುಚ್ಚು ಬಿಡುವವರೆಗೆ ಮದುವೆಯಾಗದು, ಮದುವೆಯಾಗುವವರೆಗೆ ಹುಚ್ಚು ಬಿಡದು ಎನ್ನುತ್ತಾರೆ. ನನ್ನ ಹಣೆಬರಹ ನೋಡಿ, ಇವರಿಗೆ ಮದುವೆಯಾದ ಮೇಲೆ ಹುಚ್ಚು ಹಿಡಿಯಿತು. ನಮ್ಮ ಮಗಳು ಇನ್ನೂ ತೊಟ್ಟಿಲಲ್ಲಿದ್ದಳು. ಪರೀಕ್ಷೆಯಲ್ಲಿ ಮತ್ತೆ ಮತ್ತೆ ಫೇಲಾಗಿ ಕೊನೆಗೂ ಲೈಸೆನ್ಸ್ ಗಿಟ್ಟಿಸಿಕೊಂಡ ಒಬ್ಬ ವಕೀಲರು ಖುಷಿಯಲ್ಲಿ ಇವರಿಗೊಂದು ಬಣ್ಣದ ಪೆಟ್ಟಿಗೆ ಕೊಟ್ಟರು. ಬಿಸ್ಕತ್ತಿರಬೇಕು ಎಂದುಕೊಂಡು ನಾನು ಮೊದಲು ಚಹಾ ಮಾಡಿಕೊಂಡು, ಲೋಟ ಪಕ್ಕದಲ್ಲಿಟ್ಟುಕೊಂಡು ಪೆಟ್ಟಿಗೆ ಬಿಚ್ಚಿದೆ. ಒಳಗೆ ಬಿಳಿ ಪ್ಲಾಸ್ಟಿಕ್ಕಿನ ಚೌಕಟ್ಟುಗಳು, ಅವುಗಳಲ್ಲಿ ಸಿಕ್ಕಿಸಿದ ಹಾಗೆ ಬಾಗಿಲು, ಬಂಪರು, ಸೀಟು, ಸಾಸಿವೆ ಕಾಳಿನಷ್ಟು ಸಣ್ಣ ದೀಪಗಳು. ನನಗೆ ಬಂದ ಸಿಟ್ಟಿಗೆ ಅದು ಅವತ್ತೇ ಕಸದ ಬುಟ್ಟಿ ಸೇರಬೇಕಿತ್ತು. ಇವರು ಚಹಾ ತಣ್ಣಗಾಗುವ ತನಕ ಆ ಚೂರುಗಳನ್ನೇ ನೋಡುತ್ತ ಕುಳಿತಿದ್ದರು. ಆ ಮೇಜಿನಿಂದ ಇವತ್ತಿನವರೆಗೂ ಎದ್ದಿಲ್ಲ ಎಂದರೂ ತಪ್ಪಾಗಲಾರದು.

ಹೊಸದನ್ನು ಕಟ್ಟುವುದಕ್ಕಿಂತ ಹಳೆಯದನ್ನು ರಿಪೇರಿ ಮಾಡುವುದೆಂದರೆ ಇವರಿಗೆ ಪ್ರಾಣ. ಯಾರೋ ಎಂದೋ ಅವಸರದಲ್ಲಿ ಕಟ್ಟಿ, ಆಮೇಲೆ ಅಟ್ಟಕ್ಕೆಸೆದ, ಚಕ್ರ ಕಳಚಿದ, ಬಣ್ಣ ಬಿರಿದ ಕಾರುಗಳು ಎಲ್ಲೆಲ್ಲಿಂದಲೋ ನಮ್ಮ ಮನೆಗೆ ಬರುತ್ತವೆ. ಬಂದದ್ದನ್ನು ಮೊದಲು ಫ್ರೀಜರಿನಲ್ಲಿಡಬೇಕು. ಚಳಿಗೆ ಹಳೆಯ ಅಂಟು ಪೆಡಸಾಗಿ, ತುಸು ಬಗ್ಗಿಸಿದರೆ ಭಾಗಗಳು ಟಕ್ಕೆಂದು ಬಿಡಿಸಿಕೊಳ್ಳುತ್ತವೆ. ಒಮ್ಮೆ ನನ್ನ ನಾದಿನಿ ಐಸ್ ತೆಗೆಯಲು ಹೋದವಳು, “ಅತ್ತಿಗೇ, ನಿಮ್ಮ ಫ್ರಿಜ್ಜಲ್ಲಿ ಆಕ್ಸಿಡೆಂಟ್ ಆಗಿದೆ!” ಎಂದು ಅಲ್ಲಿಂದಲೇ ಕೂಗಿದಳು. ಬಟಾಣಿ ಪೊಟ್ಟಣದ ಮೇಲೆ ಒಂದು ಕಾರು ಮಗುಚಿ ಬಿದ್ದಿತ್ತು. ಆಮೇಲೆ ಬ್ರೇಕ್ ಆಯಿಲ್ ಸ್ನಾನ. ಸ್ಕೂಲಿನ ಕಾರಿಗೆ ಹಾಕಿ ಉಳಿದ ಬ್ರೇಕ್ ಆಯಿಲನ್ನು ಮನೆಗೆ ತಂದು, ಡಬ್ಬಿಯಲ್ಲಿ ಸುರಿದು, ಅದರಲ್ಲಿ ಕಾರಿನ ಮೈಯನ್ನು ಮುಳುಗಿಸಿಡುತ್ತಾರೆ. ಹಳೆಯ ಬಣ್ಣವೆಲ್ಲ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಮುಚ್ಚಳ ಭದ್ರವಾಗಿದ್ದ ನನ್ನ ಒಳ್ಳೊಳ್ಳೆಯ ಡಬ್ಬಿಗಳೆಲ್ಲ ಹೀಗೆಯೇ ಕೈಬಿಟ್ಟು ಹೋದವು.

ಎಲ್ಲಕ್ಕಿಂತ ನಾಜೂಕಿನದು ಗಾಜಿನ ಕೆಲಸ. ಅದೂ ಪ್ಲಾಸ್ಟಿಕ್ಕೇ, ಆದರೆ ತಿಳಿಯಾದದ್ದು. ಇವರು ಗಾಜೆಂದೇ ಕರೆಯುವುದು. ಈ ಕಾರುಗಳಿಗೆ ಬಳಸುವ ಅಂಟು ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವಂಥದ್ದು. ಬೆರಳಿಗೆ ಒಂದು ಹನಿ ತಾಗಿ, ಆ ಬೆರಳು ಗಾಜಿಗೆ ತಾಗಿತೋ, ಮುಗಿಯಿತು ಕಥೆ. ಬೆರಳಚ್ಚು ಗೆರೆ ಸಮೇತ ಕೊರೆದುಕೊಂಡು ಅಲ್ಲೇ ಕೂರುತ್ತದೆ. ಒರೆಸಿದರೆ ಹೋಗುವುದಿಲ್ಲ. ನುಣ್ಣನೆಯ ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ ಅದ್ದಿ ಮೇಲಿನ ಪದರವನ್ನೇ ಉಜ್ಜಿ ತೆಗೆದು, ಕೊನೆಗೆ ಬಟ್ಟೆಗೆ ಟೂತ್‌ಪೇಸ್ಟ್ ಹಚ್ಚಿ ಹೊಳಪು ಕೊಡಬೇಕು. ನಮ್ಮ ಮನೆಯಲ್ಲಿ ಮನುಷ್ಯರ ಹಲ್ಲಿಗಿಂತ ಕಾರಿನ ಗಾಜಿಗೇ ಪೇಸ್ಟ್ ಜಾಸ್ತಿ ಖರ್ಚಾಗುವುದು ಎಂದು ಮಗಳು ಅಣಕಿಸುತ್ತಿರುತ್ತಾಳೆ.

ಗಾಜಿನ ಮೇಲೆ ಅಂಟಿನ ಗುರುತು ಬಿಟ್ಟವರಿಗೆ ಇವರಿಟ್ಟ ಹೆಸರು ‘ಹೆಬ್ಬೆಟ್ಟು’. ಓದುಬರಹ ಬಾರದವರನ್ನು ಜನ ಹಾಗೆ ಹಂಗಿಸುವುದುಂಟು. ಇವರ ಶಾಸ್ತ್ರದಲ್ಲಿ ಎಷ್ಟು ಓದಿದವನಾದರೂ ಅಂಟಿನ ಬೆರಳನ್ನು ಗಾಜಿಗಿಟ್ಟರೆ ಅವನು ಹೆಬ್ಬೆಟ್ಟೇ. “ಯಾವನೋ ಶುದ್ಧ ಹೆಬ್ಬೆಟ್ಟು ಕಟ್ಟಿದ್ದು ಕಣೇ ಇದು” ಎಂದು ಗೊಣಗುತ್ತ ಉಜ್ಜಲು ಕೂರುತ್ತಾರೆ. ಉಜ್ಜುವುದಕ್ಕೆ ಕಣ್ಣು ಬೇಕಿಲ್ಲ, ಬೆರಳಿಗೇ ದಾರಿ ಗೊತ್ತು. ಟಿವಿ ನೋಡುತ್ತ ಉಜ್ಜುತ್ತಾರೆ, ನನ್ನ ಬೈಗುಳ ಕೇಳುತ್ತ ಉಜ್ಜುತ್ತಾರೆ. ಗಾಜು ತಿಳಿಯಾದ ಮೇಲೆ ಕಿಟಕಿಯ ಬೆಳಕಿಗೆ ಹಿಡಿದು, “ಗಾಡಿಗೆ ಕಣ್ಣು ಬಂತು” ಎನ್ನುತ್ತಾರೆ. ಆಗ ಇವರ ಮುಖ ನೋಡಬೇಕು. ಬೆಳಗಿನಿಂದ ಕುದಿಯುತ್ತಿದ್ದ ನನ್ನ ಸಿಟ್ಟೂ ಇಳಿದುಹೋಗುತ್ತದೆ, ಸುಳ್ಳು ಯಾಕೆ ಹೇಳಲಿ.

ಸುಳ್ಳೆಂದಾಗ ನೆನಪಾಯಿತು. ಇವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಒಳ್ಳೆಯ ಗುಣವೆಂದು ನೀವು ಹೇಳಬಹುದು, ಕಟ್ಟಿಕೊಂಡವರಿಗೆ ಗೊತ್ತು ಅದರ ಕಷ್ಟ. ಮಗನನ್ನು ಡ್ರೈವಿಂಗಿಗೆ ಸೇರಿಸಿದ ತಾಯಿಯೊಬ್ಬಳು ಆಸೆಯಿಂದ, “ಹೇಗೆ ಓಡಿಸ್ತಾನೆ ಮೇಷ್ಟ್ರೇ?” ಎಂದು ಕೇಳಿದರೆ, “ಇನ್ನೊಂದಿಷ್ಟು ದಿನ ಸೈಕಲ್ಲೇ ಓಡಿಸ್ಲಿ ತಾಯೀ” ಎಂದು ಕಳಿಸಿದವರು. ಸ್ಕೂಲಿನ ಯಜಮಾನರು ಅವತ್ತು ಇವರಿಗೆ ಪೂಜೆ ಮಾಡಿದರು. ನಾನು ಹೊಸ ಸೀರೆ ಉಟ್ಟು ಹೇಗಿದೆ ಎಂದು ಕೇಳುವುದನ್ನು ಬಿಟ್ಟು ಯಾವ ಕಾಲವಾಯಿತೋ.

ನಮ್ಮ ಮನೆ ಮಹಡಿಯ ಮೇಲೆ. ಕೆಳಗೆ, ಬೀದಿಗೆ ಮುಖಮಾಡಿ ಒಂದು ಟೈಲರ್ ಅಂಗಡಿ. ಅಲ್ಲಿ ಹೊಲಿಗೆ ಯಂತ್ರ ಶುರುವಾದರೆ ನಮ್ಮ ಅಡುಗೆಮನೆಯ ಚಮಚಗಳು ಸಣ್ಣಗೆ ನಡುಗುತ್ತವೆ. ಅಂಗಡಿಯನ್ನು ನಡೆಸುತ್ತಿದ್ದ ಟೈಲರಣ್ಣ ಇವರಿಗಿಂತ ಚಿಕ್ಕವರು, ಆದರೆ ಸ್ನೇಹ ಮಾತ್ರ ಗಳಸ್ಯ ಕಂಠಸ್ಯ. ದೊಡ್ಡ ಆಳು, ದೊಡ್ಡ ಕೈ, ನಕ್ಕರೆ ಮಹಡಿಗೆ ಕೇಳಿಸುತ್ತಿತ್ತು. ರಜೆಯ ದಿನ ಮೇಲೆ ಬಂದು ಇವರ ಮೇಜಿನೆದುರು ಕುಳಿತು, ಕೊರಳಲ್ಲಿದ್ದ ಟೇಪು ತೆಗೆದು ಕಾರುಗಳ ಅಳತೆ ತೆಗೆಯುವರು. “ಮೇಷ್ಟ್ರೇ, ಇವನಿಗೆ ಸೊಂಟ ಜಾಸ್ತಿ ಆಯ್ತು. ಎರಡು ಬೆರಳು ಒಳಗೆ ಹಿಡೀಲಾ?” ಎಂದು ಕೀಟಲೆ ಮಾಡುವರು. ಕೊನೆಗೊಂದು ದಿನ ತಮಗೂ ಒಂದು ಕಾರು ಕಟ್ಟಬೇಕೆಂದು ಹಠ ಹಿಡಿದರು. ಉದ್ದ ಮೂತಿಯ ಹಳೆಯ ಕಾಲದ ಕಾರೊಂದನ್ನು ಇವರೇ ಆರಿಸಿಕೊಟ್ಟರು.

ಅಯ್ಯೋ, ಆ ಕಾರು ಕಟ್ಟಿದ ಸಂಭ್ರಮವೇ! ಟೈಲರಣ್ಣ ಒಂದು ಭಾಗ ಅಂಟಿಸುವುದು, ಅದು ಸೊಟ್ಟಗಾಗುವುದು, ಇವರು ತಡೆಯಲಾರದೆ ಕಿತ್ತು ನೆಟ್ಟಗೆ ಮಾಡುವುದು. ಅವರು ಬಣ್ಣ ಹಚ್ಚುವುದು, ಇವರು ಉಜ್ಜಿ ಮತ್ತೆ ಹಚ್ಚುವುದು. ಹೀಗೆ ಕಾರಿನ ತುಂಬ ಇವರ ಕೈಯೇ ಆಡಿತು. ಕೊನೆಗೆ ಮುಂದಿನ ಗಾಜನ್ನು ಕೂರಿಸುವಾಗ ಮಾತ್ರ ಟೈಲರಣ್ಣ ಇವರನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಹೆಬ್ಬೆರಳಿಗೆ ಅಂಟು ಮೆತ್ತಿಕೊಂಡದ್ದು ಅವರಿಗೆ ಗೊತ್ತಾಗಲಿಲ್ಲ. ಗಾಜಿನ ಒಂದು ಮೂಲೆಯಲ್ಲಿ ದಪ್ಪನೆಯ ಹೆಬ್ಬೆರಳು ಹಾಗೇ ಮೂಡಿ ನಿಂತಿತು. “ಕೊಡೋ, ಉಜ್ಜಿ ಕೊಡ್ತೀನಿ” ಎಂದು ಇವರು ಕೈಚಾಚಿದರೆ, “ಮುಟ್ಟಿದ್ರೆ ನೋಡಿ ಮತ್ತೆ! ಇದೊಂದಾದ್ರೂ ನಾನು ಮಾಡಿದ್ದು ಅಂತ ಇರ್ಲಿ” ಎಂದು ಕಾರನ್ನು ಎದೆಗವಚಿಕೊಂಡು ಮೆಟ್ಟಿಲಿಳಿದರು. ಅದು ಅಂಗಡಿಯ ಶೆಲ್ಫಿನಲ್ಲಿ, ದಾರದ ಉಂಡೆಗಳ ನಡುವೆ ಹೋಗಿ ನಿಂತಿತು.

ಆಮೇಲೆ ಒಂದು ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವಾಗ ಟೈಲರಣ್ಣ ಎದೆ ಹಿಡಿದುಕೊಂಡು ಕುಸಿದರು. ಏಳಲಿಲ್ಲ. ಅದರ ಬಗ್ಗೆ ಹೆಚ್ಚು ಬರೆಯಲಾರೆ. ಇವರು ಬಹಳ ದಿನ ಊಟದ ಮಧ್ಯೆ ಎದ್ದು ಹೋಗುತ್ತಿದ್ದರು ಎಂದಷ್ಟೇ ಹೇಳುತ್ತೇನೆ.

ಅವರ ಹೆಂಡತಿಯನ್ನು ಬೀದಿಯವರೆಲ್ಲ ಟೈಲರಕ್ಕ ಎನ್ನುತ್ತಾರೆ. ನನಗಿಂತ ಚಿಕ್ಕವಳು, ನನ್ನನ್ನು ಅಕ್ಕ ಎಂದೂ ಇವರನ್ನು ಅಣ್ಣ ಎಂದೂ ಕರೆಯುತ್ತಾಳೆ. ಗಂಡನಿದ್ದಾಗ ಅವಳ ಪಾಲಿನ ಕೆಲಸ ಕಾಜಾ ಹಾಕುವುದು, ಗುಂಡಿ ಹೊಲಿಯುವುದು, ಅಂಚು ಮಡಿಸುವುದು. ಬಟ್ಟೆ ಕತ್ತರಿಸುವ ಕೆಲಸ ಅವರೊಬ್ಬರದೇ. ಅವರು ಹೋದ ಮೇಲೆ ಅಂಗಡಿ ಮುಚ್ಚುತ್ತಾಳೆ ಎಂದೇ ಎಲ್ಲರೂ ಅಂದುಕೊಂಡಿದ್ದರು. ಅವಳು ಆ ದೊಡ್ಡ ಕತ್ತರಿಯನ್ನು ಕೈಗೆ ತೆಗೆದುಕೊಂಡಳು. ಮೊದಮೊದಲು ಹಳೆಯ ಬೆಡ್‌ಶೀಟಿನ ಮೇಲೆ ಕತ್ತರಿಸಿ ಕತ್ತರಿಸಿ ಕೈ ಕೂರಿಸಿಕೊಂಡಳು, ತಪ್ಪಾದರೆ ಯಾರಿಗೂ ತೋರಿಸದೆ ಮೂಟೆ ಕಟ್ಟಿ ಎಸೆದಳು. ವರ್ಷಗಳು ಉರುಳಿ ಈಗ ಅವಳೇ ಕತ್ತರಿಸಿ ಅವಳೇ ಹೊಲಿಯುವ ಶರಟುಗಳನ್ನು ಹಾಕಿಕೊಂಡು ಅರ್ಧ ಬೀದಿ ಓಡಾಡುತ್ತದೆ.

ಹೋದ ಬೇಸಿಗೆಯಲ್ಲಿ ಅವಳು ಆ ಕಾರನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೇಲೆ ಬಂದಳು. ಅವಸರದಲ್ಲಿ ಯಾರೋ ಇಸ್ತ್ರಿ ಪೆಟ್ಟಿಗೆಯನ್ನು ಅದರ ಪಕ್ಕದಲ್ಲೇ ಇಟ್ಟುಬಿಟ್ಟಿದ್ದರಂತೆ. ಒಂದು ಕಡೆಯ ಮಡ್‌ಗಾರ್ಡ್ ಕರಗಿ ಜೋತಿತ್ತು, ಚಕ್ರ ವಾಲಿತ್ತು, ಮುಂದಿನ ಗಾಜು ಕಳಚಿ ಕೈಗೇ ಬಂದಿತ್ತು. ಗಾಜಿಗೆ ಏನೂ ಆಗಿರಲಿಲ್ಲ. ಮೂಲೆಯಲ್ಲಿ ಟೈಲರಣ್ಣನ ಹೆಬ್ಬೆರಳು ಹಾಗೇ ಇತ್ತು.

“ಅಣ್ಣಾ, ಎಲ್ಲಾ ಸರಿ ಮಾಡಿ. ಬೇಕಾದ್ರೆ ಬಣ್ಣನೂ ಬದಲಾಯಿಸಿ, ನಾನು ಕೇಳಲ್ಲ. ಇದನ್ನ ಮಾತ್ರ ಮುಟ್ಬೇಡಿ” ಎಂದು ಗಾಜನ್ನು ತೋರಿಸಿದಳು. ನಾನು ಕೊಟ್ಟ ಚಹಾ ಕೈಯಲ್ಲೇ ಹಿಡಿದುಕೊಂಡು ಮತ್ತೆ ಹೇಳಿದಳು: “ಫೋಟೋ ಬೇಕಾದಷ್ಟಿದೆ ಅಕ್ಕಾ. ಆದ್ರೆ ಅವ್ರು ಕೈಯಾರೆ ಮಾಡಿದ್ದು ಒಂದೂ ನನ್ನ ಹತ್ರ ಇಲ್ಲ. ಅಷ್ಟು ವರ್ಷ ಹೊಲಿದ್ರು, ಹೊಲಿದಿದ್ದೆಲ್ಲ ಗಿರಾಕಿಗಳು ತಗೊಂಡು ಹೋದ್ರು. ತಮಗೆ ಅಂತ ಒಂದು ಶರಟು ಹೊಲ್ಕೊಂಡೋರಲ್ಲ, ರೆಡಿಮೇಡ್ ಹಾಕೋರು. ಉಳಿದಿರೋದು ಇದೊಂದೇ.”

“ನನ್ನ ಪ್ರಾಣ ಇರೋ ತನಕ ಅದಕ್ಕೇನೂ ಆಗಲ್ಲಮ್ಮ” ಎಂದರು ಇವರು. ಸಿನಿಮಾ ಮಾತಿನ ಹಾಗೆ ಕೇಳಿಸಿತು, ಆದರೆ ಮನಸ್ಸಿನಿಂದಲೇ ಬಂದದ್ದು.

ಅವಳು ಇಳಿದು ಹೋದ ಮೇಲೆ ಭೂತಕನ್ನಡಿ ಹಿಡಿದು ಆ ಗುರುತನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅದರ ಮೇಲೆ ಉಗುರಗಲದ ಹಳದಿ ಟೇಪು ಅಂಟಿಸಿ, ಗಾಜನ್ನು ಹತ್ತಿಯಲ್ಲಿ ಸುತ್ತಿ, ಕಾರಿನ ಮೈಯನ್ನು ಮಾತ್ರ ಫ್ರೀಜರಿಗೆ ಕಳಿಸಿದರು. ಆಮೇಲಿನ ದಿನಗಳಲ್ಲಿ ಇವರು ಕೆಲಸ ಮಾಡಿದ ರೀತಿ ನೋಡಬೇಕಿತ್ತು. ಕರಗಿದ ಮಡ್‌ಗಾರ್ಡನ್ನು ಬಿಸಿನೀರಿನಲ್ಲಿ ಅದ್ದಿ, ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಮಗುವಿನ ಮೂಗು ತಿದ್ದುವವರ ಹಾಗೆ ತಿದ್ದಿ ತಿದ್ದಿ ಮೊದಲಿನ ಆಕಾರಕ್ಕೆ ತಂದರು. ಬಣ್ಣ ಬದಲಾಯಿಸಲಿಲ್ಲ, ಟೈಲರಣ್ಣ ಆರಿಸಿದ್ದ ಗಾಢ ನೀಲಿಯನ್ನೇ ಕಲಸಿದರು. ಸ್ಕೂಲಿನಿಂದ ಬಂದವರು ಚಪ್ಪಲಿ ಬಿಡುವ ಮುಂಚೆ ಒಮ್ಮೆ ಮೇಜಿನ ಹತ್ತಿರ ಹೋಗಿ ಬರುತ್ತಿದ್ದರು.

ಕೊನೆಗೆ ಗಾಜಿನ ಸರದಿ ಬಂತು. ಧೂಳಿನಿಂದ ಅದು ಮಂಕಾಗಿತ್ತು, ಗುರುತಿರುವ ಮೂಲೆ ಬಿಟ್ಟು ಉಳಿದದ್ದನ್ನು ತಿಳಿಗೊಳಿಸಬೇಕಿತ್ತು. ಅಂಚಿನವರೆಗೂ ಕೈ ಆಡಿಸಬೇಕೆಂದು ಟೇಪು ತೆಗೆದರು. ಉಪ್ಪುಕಾಗದ ಅದ್ದಿ, ಹೆಬ್ಬೆಟ್ಟಿನಿಂದ ದೂರವಾಗಿ, ಉಸಿರು ಬಿಗಿಹಿಡಿದು ಉಜ್ಜುತ್ತಿದ್ದರು. ಅಷ್ಟರಲ್ಲಿ ಫೋನು ಬಂತು. ಮಾರನೆಯ ದಿನ ಪರೀಕ್ಷೆಗೆ ಹೋಗಬೇಕಾಗಿದ್ದ ಒಬ್ಬ ನರ್ಸು, ಅಳುವ ದನಿಯಲ್ಲಿ, ಅಭ್ಯಾಸಕ್ಕೆ ತಂದ ಗಾಡಿ ಏರಿನಲ್ಲಿ ನಿಂತುಬಿಟ್ಟಿದೆ, ಮತ್ತೆ ಹೇಗೆ ಎತ್ತಬೇಕು ಎಂದು ಕೇಳುತ್ತಿದ್ದಳು. ಇವರು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡರು. “ಹೆದರ್ಬೇಡಿ ತಾಯೀ. ಹ್ಯಾಂಡ್‌ಬ್ರೇಕ್ ಹಾಕಿದೀರಾ? ಈಗ ಕ್ಲಚ್ ಅರ್ಧ ಬಿಡಿ, ಗಾಡಿ ನಡುಗುತ್ತೆ, ನಡುಗ್ಲಿ...” ಕಣ್ಣು ಮುಚ್ಚಿಕೊಂಡು, ಕಾಲಿನಿಂದ ನೆಲ ಒತ್ತುತ್ತ, ಅವಳನ್ನು ಏರು ಹತ್ತಿಸಿದರು. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಉಪ್ಪುಕಾಗದ ಮುಗಿಸಿ ಬಟ್ಟೆಗೂ ಟೂತ್‌ಪೇಸ್ಟಿಗೂ ಹೋಯಿತು.

ಚಹಾ ತಂದ ನಾನು ಅವರ ಬೆರಳುಗಳ ನಡುವೆ ಫಳಫಳ ಹೊಳೆಯುವ ಗಾಜು ನೋಡಿ, ತಮಾಷೆಗೆ, “ಆಹಾ, ಗಾಡಿಗೆ ಕಣ್ಣು ಬಂತು!” ಎಂದೆ.

ಇವರು ಕೆಳಗೆ ನೋಡಿದರು. ಫೋನು ಭುಜದಿಂದ ಜಾರಿ ಬಿತ್ತು. ಗಾಜನ್ನು ಬೆಳಕಿಗೆ ಹಿಡಿದು ಒಂದು ಬದಿ ನೋಡಿದರು, ತಿರುಗಿಸಿ ಇನ್ನೊಂದು ಬದಿ ನೋಡಿದರು. ಕಿಟಕಿಯ ಆಚೆಗಿನ ತಂತಿ, ಎದುರು ಮನೆಯ ತಾರಸಿ, ಒಣಹಾಕಿದ ಬಟ್ಟೆ, ಎಲ್ಲ ಅದರೊಳಗಿಂದ ಸ್ಪಷ್ಟವಾಗಿ ಕಾಣುತ್ತಿತ್ತು. “ರೀ, ಯಾವ ಮೂಲೆ ಅದು?” ಎಂದೆ. ಕೆಳಗೆ ಬಿದ್ದ ಫೋನಿನಲ್ಲಿ ನರ್ಸು, “ಮೇಷ್ಟ್ರೇ, ಹತ್ತಿತು! ಹತ್ತಿತು!” ಎನ್ನುತ್ತಿದ್ದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇವರು ತಲೆಯ ಮೇಲೆ ಕೈಹೊತ್ತು ಕುಳಿತುಬಿಟ್ಟರು. “ಎಲ್ಲರನ್ನೂ ಹೆಬ್ಬೆಟ್ಟು ಹೆಬ್ಬೆಟ್ಟು ಅಂತಿದ್ದೆ. ನನಗಿಂತ ದೊಡ್ಡ ಹೆಬ್ಬೆಟ್ಟು ಯಾರಿದಾರೆ ಹೇಳು” ಎಂದರು. ಅವರನ್ನು ಆ ಸ್ಥಿತಿಯಲ್ಲಿ ನೋಡಲು ನನ್ನಿಂದಾಗಲಿಲ್ಲ. ಕೈಕಾಲು ಆಡದಿದ್ದರೂ ನನ್ನ ತಲೆ ಆಡಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

“ಅಳ್ತಾ ಕೂತ್ರೆ ಏನು ಬಂತು? ನಿಮ್ಮ ಹೆಬ್ಬೆಟ್ಟೇ ಒತ್ತಿ. ಅಂಟಿದೆ, ಗಾಜಿದೆ, ಬೆರಳಿದೆ. ಆ ಮೂಲೇಲಿ ಒಂದು ದಪ್ಪ ಬೆರಳು ಕಾಣಿಸಿದ್ರೆ ಸಾಕಲ್ವಾ ಅವಳಿಗೆ? ದೇವರಾಣೆಗೂ ಗೊತ್ತಾಗಲ್ಲ.”

ಇವರು ತಮ್ಮ ಹೆಬ್ಬೆರಳನ್ನು ಮುಖದೆದುರು ಹಿಡಿದು ನೋಡಿಕೊಂಡರು. ನಾನೂ ನೋಡಿದೆ. ಒಳ್ಳೆಯ, ದಪ್ಪನೆಯ ಹೆಬ್ಬೆರಳೇ. “ಅವಳು ದಿನಾ ಅದನ್ನ ಮುಟ್ಟಿ ನೋಡ್ತಾಳೆ ಕಣೇ” ಎಂದರು ಕೊನೆಗೆ. “ದಿನಾ ಅವಳು ನನ್ನ ಬೆರಳು ಮುಟ್ಟಬೇಕಾ?”

ನಾನು ಅಂಟಿನ ಶೀಶೆಯ ಮುಚ್ಚಳ ಬಿಗಿಮಾಡಿ ಪಕ್ಕಕ್ಕಿಟ್ಟೆ.

ಗಾಜನ್ನು ಹತ್ತಿಯಲ್ಲಿಟ್ಟುಕೊಂಡು ಕೆಳಗೆ ಹೋದರು. ಒಬ್ಬರನ್ನೇ ಬಿಡಲಾರದೆ ನಾನೂ ಹಿಂದೆ ಹೋದೆ. ಟೈಲರಕ್ಕ ಯಾರದೋ ತೋಳಿನ ಅಳತೆ ತೆಗೆಯುತ್ತಿದ್ದಳು. ಇವರು ಗಿರಾಕಿ ಹೋಗುವ ತನಕ ನಿಂತಿದ್ದು, ಸುತ್ತು ಬಳಸದೆ ಹೇಳಿಬಿಟ್ಟರು. “ಅಳಿಸಿಬಿಟ್ಟೆನಮ್ಮ. ಬೇಕು ಅಂತಲ್ಲ. ಮಾತಾಡ್ತಾ ಇದ್ದೆ, ಕೈ ಉಜ್ಜಿಬಿಡ್ತು.” ಅವಳು ಗಾಜನ್ನು ತೆಗೆದುಕೊಂಡು, ಆ ಮೂಲೆಯ ಮೇಲೆ ಬೆರಳಾಡಿಸಿದಳು. ಮತ್ತೊಮ್ಮೆ ಆಡಿಸಿದಳು. ಕೂಗಾಡಿದ್ದರೆ ಚೆನ್ನಾಗಿತ್ತು. ಗಾಜನ್ನು ಇವರ ಕೈಗೆ ವಾಪಸ್ಸಿಟ್ಟು, ಯಂತ್ರದ ಮುಂದೆ ಕುಳಿತು, ತಲೆ ತಗ್ಗಿಸಿ ತುಳಿಯತೊಡಗಿದಳು. ಯಂತ್ರದಲ್ಲಿ ಬಟ್ಟೆ ಇರಲಿಲ್ಲ. ಸೂಜಿ ಸುಮ್ಮನೆ ಮೇಲೆ ಕೆಳಗೆ ಆಡುತ್ತಿತ್ತು.

ಆಮೇಲೆ ಅವಳು ಮೇಲೆ ಬರಲಿಲ್ಲ. ನಾನು ಎದುರಾದರೆ “ಊಟ ಆಯ್ತಾ ಅಕ್ಕಾ” ಎನ್ನುವಳು, ನಿಲ್ಲುವುದಿಲ್ಲ. ಇವರು ಸ್ಕೂಲಿಗೆ ಹೋಗಿಬರುವುದಕ್ಕೆ ಹಿಂದಿನ ಮೆಟ್ಟಿಲು ಹಿಡಿದರು. ಮೇಜಿನ ಮೇಲೆ ಬಟ್ಟೆ ಹೊದಿಸಿಬಿಟ್ಟರು. ಬರುವವರು ಹಳೆಯ ಕಾರು ತಂದರೆ, “ಈಗ ಮಾಡ್ತಾ ಇಲ್ಲ” ಎಂದು ಕಳಿಸಿದರು. ಇಷ್ಟು ವರ್ಷ ಆ ಮೇಜನ್ನು ಬೈದ ನಾನು, ದಿನಾ ಅದರ ಧೂಳು ಒರೆಸುತ್ತ, ಯಾವಾಗ ಇವರು ಇದರ ಮುಂದೆ ಕೂರುತ್ತಾರೋ ಎಂದು ಕಾಯುವ ಹಾಗಾಯಿತು. ಅವಳ ಮೇಲೂ ಸಿಟ್ಟು ಬಂತು, ಇವರ ಮೇಲೂ ಬಂತು, ಆ ನರ್ಸಿನ ಮೇಲಂತೂ ಹೇಳಲಾರದಷ್ಟು ಬಂತು. ಅವಳು ಪರೀಕ್ಷೆ ಪಾಸು ಮಾಡಿದ್ದಳು, ಪಾಪ.

ಒಂದು ಮಧ್ಯಾಹ್ನ, ಇವರು ಊಟಕ್ಕೆ ಬಂದಿದ್ದಾಗ, ಬಾಗಿಲು ಬಡಿದ ಸದ್ದಾಯಿತು. ಟೈಲರಕ್ಕ. ಕೊರಳಲ್ಲಿ ಟೇಪು, ಸೀರೆಗೆ ದಾರದ ಚೂರುಗಳು. “ಅಣ್ಣಾ, ಕಾರೆಲ್ಲಿ?” ಎಂದಳು.

ಇವರು ತಟ್ಟೆ ಬಿಟ್ಟೆದ್ದು ಬಟ್ಟೆ ಸರಿಸಿದರು. ಗಾಢ ನೀಲಿ ಕಾರು ಹೊಸದಾಗಿ ಹೊಳೆಯುತ್ತಿತ್ತು, ಮುಂದಿನ ಗಾಜೊಂದಿಲ್ಲ. ಅವಳು ಅದರ ಸುತ್ತ ಒಂದು ಸುತ್ತು ಬಂದಳು.

“ನೀವು ಸುಳ್ಳು ಹೇಳಿ ಬೇರೆ ಬೆರಳು ಒತ್ತಿ ಕೊಟ್ಟಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ. ಅದನ್ನ ಯೋಚ್ನೆ ಮಾಡಿ ಮಾಡಿ ಸಾಕಾಯ್ತು” ಎಂದಳು. ನಾನು ಎತ್ತಲೋ ನೋಡಿದೆ. “ಅವ್ರು ಹೋದ್ಮೇಲೆ ಅಂಗಡಿ ಕರಾರಿಗೆ ಯಾರ ಸಹಿ? ನಂದು. ಬ್ಯಾಂಕಲ್ಲಿ, ಕರೆಂಟ್ ಆಫೀಸಲ್ಲಿ, ಎಲ್ಲಿ ಅವ್ರ ಸಹಿ ಇತ್ತೋ ಅಲ್ಲೆಲ್ಲ ನಾನೇ ಹಾಕಿದೀನಿ. ಇಲ್ಲೂ ನಾನೇ ಹಾಕ್ತೀನಿ. ಅಂಟು ಕೊಡಿ.”

“ಒಂದ್ಸಲ ಒತ್ತಿದ್ರೆ ಹೋಗಲ್ಲಮ್ಮ” ಎಂದರು ಇವರು.

“ಹೋಗ್ಬಾರ್ದು ಅಂತಾನೇ ಬಂದಿರೋದು.”

ಇವರು ಕೈ ತೊಳೆದು ಬಂದರು. ಗಾಜನ್ನು ಮೇಜಿನ ಅಂಚಿಗಿಟ್ಟು, ಅಂಟಿನ ಶೀಶೆ ತೆರೆದು, ಸಣ್ಣ ಕುಂಚದಿಂದ ಅವಳ ಹೆಬ್ಬೆರಳಿಗೆ ಸವರಿದರು. “ಇಲ್ಲಿ, ಈ ಮೂಲೆಗೆ. ಜಾರಿಸ್ಬೇಡಿ. ಒತ್ತಿ. ಇನ್ನೊಂಚೂರು ಗಟ್ಟಿಯಾಗಿ ಒತ್ತಿ... ಸಾಕು, ಈಗ ನೆಟ್ಟಗೆ ಮೇಲೆತ್ತಿ.” ಅವಳು ಬೆರಳೆತ್ತಿದಳು. ಗಾಜಿನ ಮೇಲೆ ಮಂಜು ಕವಿದಂಥ ಗುರುತು ಉಳಿಯಿತು. ಮೂವರೂ ಬಗ್ಗಿ ನೋಡಿದೆವು.

ಇವರು ಭೂತಕನ್ನಡಿ ಹಿಡಿದರು. ನೋಡುತ್ತ ನೋಡುತ್ತ ಹುಬ್ಬು ಗಂಟಿಕ್ಕಿದರು. “ಕೆಳಗಡೆ ಒಂದು ಪಟ್ಟಿ ಗೆರೆನೇ ಬಿದ್ದಿಲ್ವಲ್ಲಮ್ಮ. ಬೋಳಾಗಿದೆ. ಸರಿಯಾಗಿ ಒತ್ಲಿಲ್ಲ ಅನ್ಸುತ್ತೆ.”

“ಸರಿಯಾಗೇ ಒತ್ತಿದೀನಿ. ಅಲ್ಲಿ ಗೆರೆ ಇಲ್ಲ ಅಣ್ಣಾ, ಸವೆದೋಗಿದೆ. ಕತ್ತರಿ ಹಿಡಿಕೆ ಉಜ್ಜೋ ಜಾಗ ಅದು.” ಅವಳು ಹೆಬ್ಬೆರಳನ್ನು ತೋರಿಸಿದಳು. ಉಗುರಿನ ಕೆಳಗಿನ ಗಂಟಿನ ಹತ್ತಿರ ಚರ್ಮ ದಡ್ಡುಗಟ್ಟಿ ನುಣ್ಣಗಾಗಿತ್ತು.

ಇವರು ಆ ಬೆರಳನ್ನು ನೋಡಿದರು, ಗಾಜನ್ನು ನೋಡಿದರು. ಭೂತಕನ್ನಡಿ ಹಿಡಿದ ಕೈ ಕೆಳಗಿಳಿಯಿತು.

“ಅವನದ್ರಲ್ಲೂ ಅಲ್ಲೇ ಬೋಳಿತ್ತು” ಎಂದರು.

“ಏನು?”

“ನೀವು ಕಾರು ತಂದ್ಕೊಟ್ಟ ದಿನ ನೋಡಿದ್ದೆ. ಇದೇ ಜಾಗ, ಇಷ್ಟೇ ಅಗಲ. ಅಂಟು ಸರಿಯಾಗಿ ತಾಗಿಲ್ಲ ಅಂದ್ಕೊಂಡು ಸುಮ್ಮನಾದೆ.”

ಟೈಲರಕ್ಕ ತನ್ನ ಹೆಬ್ಬೆರಳನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಳು. ಅಂಟು ಆ ಕೈಗೂ ಮೆತ್ತಿತು, ಅವಳಿಗೆ ಅದರ ಪರಿವೆ ಇರಲಿಲ್ಲ.

“ಇನ್ನೊಂದ್ಸಲ ಹೇಳಿ ಅಣ್ಣಾ” ಎಂದಳು.

ಇವರು ಇನ್ನೊಂದು ಸಲ ಹೇಳಿದರು.